ಕರಡಿಗೆ ಬೆಲ್ಲ, ನಮಗೆ ಮಹಜರು

ದರೋಜಿ ಕರಡಿಧಾಮದಿಂದ ಬಂದ ಕರಡಿ ಶೇಂಗಾ ಹಾಳುಮಾಡಿತು, ಪರಿಹಾರ ಕೊಡಿ ಎಂದು ಅರಣ್ಯ ಇಲಾಖೆಯ ಕಚೇರಿಗೆ ಹೋದರೆ ಮತ್ತೆ ಅದೇ ಮಾತು: "ಮಹಜರು ಆಗಬೇಕು." ಅಂದರೆ ಅವರೇ ಹೊಲಕ್ಕೆ ಬಂದು ಹಾನಿ ನೋಡಿ ಬರೆದುಕೊಳ್ಳಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಬುಡಸಮೇತ ಕಿತ್ತು ಬಿದ್ದಿದ್ದ ಶೇಂಗಾ ಗಿಡಗಳ ಚೀಲ, ಎಲ್ಲವನ್ನೂ ಹೊತ್ತುಕೊಂಡೇ ಹೋಗಿದ್ದೆ. ಅದು ಹಾಳಾಗಲಿ. ನನಗೆ ಮರೆಯಲಾಗದಿರುವುದು ಆ ನಗು.

ಮೇಜಿನ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಖಾಲಿ ಕುರ್ಚಿ ಇತ್ತು, ಕುಳಿತುಕೊಳ್ಳಿ ಎಂದವರಿಲ್ಲ. "ಕರಡಿಯೇ ಎನ್ನುವುದಕ್ಕೆ ಏನು ಖಾತ್ರಿ? ಊರ ಹಂದಿ ಇರಬಹುದಲ್ಲ" ಎಂದು ಮೇಜಿನ ಹಿಂದಿದ್ದವರು ಕೇಳುತ್ತಿದ್ದಾಗಲೇ ಹಂಪಿ ನೋಡಿಕೊಂಡು ಬಂದ ಒಂದು ಕುಟುಂಬ ಒಳಗೆ ಬಂತು. ತಕ್ಷಣ ಕುರ್ಚಿ ಸರಿಯಿತು, ನೀರು ಬಂತು. "ನಿನ್ನೆ ಕರಡಿಧಾಮದಲ್ಲಿ ಅಷ್ಟು ಹೊತ್ತು ಕಾದರೂ ಒಂದೂ ಕರಡಿ ಕಾಣಲಿಲ್ಲ" ಎಂದು ಆ ತಾಯಿ ಬೇಸರಪಟ್ಟುಕೊಂಡರು. ಆಗ ಅದೇ ಮನುಷ್ಯ ನನ್ನ ಕಡೆ ಬೆರಳು ತೋರಿಸಿ, "ಇವರ ಹೊಲಕ್ಕೆ ಹೋಗಿ ಮೇಡಂ, ದಿನಾ ಬರುತ್ತದೆ. ಟಿಕೆಟ್ ಕೂಡ ಇಲ್ಲ" ಎಂದರು.

ಎಲ್ಲರೂ ನಕ್ಕರು. ಮಗುವೂ ನಕ್ಕಿತು. ನಾನೂ ನಕ್ಕೆ! ಚೀಲವನ್ನು ಕಾಲ ಹಿಂದಕ್ಕೆ ಸರಿಸಿಕೊಂಡು, ಹಲ್ಲು ಕಿರಿದು ನಕ್ಕೆ. "ನೀವು ಎಷ್ಟು ಪುಣ್ಯವಂತರು" ಎಂದರು ಆಕೆ, ಮನಸಾರೆ. "ಹೌದು ಮೇಡಂ" ಎಂದೆ. ಹೊಲದಲ್ಲಿ ತೆಗೆದ ವಿಡಿಯೊ ಕೇಳಿದರು, ಅದನ್ನೂ ಕಳುಹಿಸಿಕೊಟ್ಟೆ. ನನ್ನ ಅರ್ಜಿಗೆ ಸಾಕ್ಷಿಯಾಗಿ ಸಾಕಾಗದ ವಿಡಿಯೊ ಅವರಿಗೆ ತುಂಬಾ ಇಷ್ಟವಾಯಿತು.

ಒಂದೇ ಬಾಯಿ, ಒಂದೇ ಗಳಿಗೆ. ಪರಿಹಾರ ಕೇಳಿದರೆ ಊರ ಹಂದಿ, ಪ್ರವಾಸಿ ಕೇಳಿದರೆ ಕರಡಿ.

ಕರಡಿಧಾಮ ಬೇಡ ಎಂದು ನಾನು ಹೇಳುತ್ತಿಲ್ಲ. ಸಂಡೂರಿನ ಗುಡ್ಡಗಳಿಗೆ ಏನಾಯಿತು ಎಂದು ಕಂಡವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ತನಕ ಲಾರಿಗಳ ಕೆಂಪು ಧೂಳು ತಿಂದವರು. 1994ರಲ್ಲಿ ದರೋಜಿಯನ್ನು ಧಾಮವೆಂದು ಘೋಷಿಸದಿದ್ದರೆ ಆ ಕಾಡು ಏನಾಗುತ್ತಿತ್ತೋ. ಕರಡಿಯ ಮೇಲೂ ನನಗೆ ಸಿಟ್ಟಿಲ್ಲ. ಇಲ್ಲ, ಇದೆ. ನಿನ್ನೆ ರಾತ್ರಿಯಂತೂ ಬಹಳ ಇತ್ತು. ಆದರೆ ಅದಕ್ಕೇನು ಗೊತ್ತು, ಪಾಪ? ಅಲ್ಲಿ ಪ್ರವಾಸಿಗರ ಕಣ್ಣಿಗೆ ಬೀಳಲೆಂದು ಬಂಡೆಗೆ ಬೆಲ್ಲ, ಜೇನು ಸವರಿಡುತ್ತಾರೆ; ಇಲ್ಲಿ ನಾನು ಶೇಂಗಾ ಬೆಳೆದಿಟ್ಟಿದ್ದೇನೆ. ಎರಡೂ ತನಗೇ ಬಡಿಸಿದ್ದು ಎಂದುಕೊಂಡರೆ ತಪ್ಪೇನು?

ತಂತಿಗೆ ಕರೆಂಟ್ ಕೊಟ್ಟರೆ ಜೈಲು. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿ ಕರಡಿ. ಒಪ್ಪಿದೆ, ಕೊಡುವುದೂ ಇಲ್ಲ. ಹಾಗಾದರೆ ಕಾಡಿನ ಗಡಿ ದಾಟಿ ಬಂದ ಕರಡಿ ಯಾರದು? ಯಾರಾದರೂ ಹೇಳುತ್ತೀರಾ? ಫೋಟೊ ಹಾಕಿ ಹೃದಯದ ಚಿಹ್ನೆ ಒತ್ತುವವರಲ್ಲಿ ಒಬ್ಬರಾದರೂ?

ಬಿಡಿ, ಯಾರೂ ಹೇಳುವುದಿಲ್ಲ. ನನ್ನ ಅಟ್ಟಣಿಗೆಗೆ "ವೀಕ್ಷಣಾ ಗೋಪುರ" ಎಂದು ಬೋರ್ಡ್ ತೂಗುಹಾಕಿ, ಮಿರ್ಚಿ ಮಂಡಕ್ಕಿ ಇಟ್ಟುಕೊಂಡು ಕೂರುತ್ತೇನೆ. ಕರಡಿ ಬಾರದಿದ್ದರೆ ಕಂಬಳಿ ಹೊದ್ದು ನಾನೇ ಓಡಾಡಿದರಾಯಿತು.

ಸದ್ಯಕ್ಕೆ ಇಷ್ಟಾದರೂ ತಿಳಿದವರು ಹೇಳಿ. ಮಹಜರಿಗೆ ಬರುವ ತನಕ ಹೊಲವನ್ನು ಮುಟ್ಟಬಾರದಂತೆ. ಯಾವಾಗ ಬರುತ್ತಾರೆ ಎಂದರೆ ಉತ್ತರವಿಲ್ಲ. ಉಳಿದ ಶೇಂಗಾ ಕಿತ್ತರೆ ಸಾಕ್ಷ್ಯ ಹೋಗುತ್ತದೆ, ಕೀಳದಿದ್ದರೆ ರಾತ್ರಿ ಅದೂ ಹೋಗುತ್ತದೆ. ಕೀಳಲೋ, ಬಿಡಲೋ?