ಸ್ಲ್ಯಾಗ್ ಮತ್ತು ನಮ್ಮ ಹುಳಿ ಮಣ್ಣು

ಉಕ್ಕಿನ ಸ್ಲ್ಯಾಗ್‌ನಿಂದ, ಅಂದರೆ ಉಕ್ಕು ಮಾಡುವಾಗ ಉಳಿಯುವ ಕಿಟ್ಟದಿಂದ, ರಸ್ತೆ ಮಾಡಬಹುದು ಎಂಬ ಲೇಖನ ಓದಿ ಖುಷಿಯಾಯಿತು. ಸೂರತ್‌ನ ಹಜೀರಾದಲ್ಲಿ 2022ರಲ್ಲೇ ಇಂಥ ಆರು ಪಥದ ರಸ್ತೆ ಆಗಿದೆ. ಆದರೆ ಒಂದು ಮಾತು ಬಿಟ್ಟುಹೋಗಿದೆ. ಉಕ್ಕು ಮಾಡುವಾಗ ರಂಜಕ ತೆಗೆಯಲು ಸುಣ್ಣ ಹಾಕುತ್ತಾರೆ. ಅದರಲ್ಲಿ ಸ್ವಲ್ಪ ಸ್ಲ್ಯಾಗ್‌ನಲ್ಲಿ ಹಾಗೇ ಉಳಿಯುತ್ತದೆ. ನೀರು ತಾಗಿದರೆ ಅರಳುತ್ತದೆ, ರಸ್ತೆ ಉಬ್ಬಿ ಬಿರುಕು ಬಿಡುತ್ತದೆ. ನಮ್ಮ ಕೊಡಗಿನ ಮಳೆಗೆ ಕೇಳಬೇಕೆ? ತಿಂಗಳುಗಟ್ಟಲೆ ಬಯಲಲ್ಲಿ ನೆನೆದು ಹದವಾದ ಸ್ಲ್ಯಾಗನ್ನೇ ಬಳಸಬೇಕು.

ನನಗೆ ಜಾಸ್ತಿ ಆಸೆ ಇರುವುದು ಕಾಫಿ ತೋಟದ ಮೇಲೆ. ನಮ್ಮದು ಹುಳಿ ಮಣ್ಣು, ಸುಣ್ಣ ಹಾಕಲೇಬೇಕು; ಸ್ಲ್ಯಾಗ್‌ನಲ್ಲಿ ಆ ಸುಣ್ಣ ಇದೆ. ಯುರೋಪಿನಲ್ಲಿ 19ನೇ ಶತಮಾನದಿಂದಲೇ ಸ್ಲ್ಯಾಗ್ ಪುಡಿಯನ್ನು ಗೊಬ್ಬರವಾಗಿ ಹಾಕಿದ್ದಾರೆ. ಆದರೆ ಅದರಲ್ಲಿ ಕ್ರೋಮಿಯಂ, ವನಾಡಿಯಂನಂಥ ಹಾನಿಕರ ಲೋಹ ಎಷ್ಟಿದೆ ಅಂತ ಪರೀಕ್ಷೆ ಮಾಡಿಸದೆ ಸುಮ್ನೆ ಎರಚಬಾರದು. ನಮ್ಮ ತೋಟದ ತೋಡು ಹರಿದು ಸೇರುವುದು ಕಾವೇರಿಗೇ ಅಲ್ವಾ?