ಮನೆಯೊಳಗೊಂದು ಅಳಿವೆ

ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು, ತಮಿಳುನಾಡಿನ ಪೂಂಪುಹಾರ್ ತಲುಪಿದ ಮೇಲಷ್ಟೇ ಉಪ್ಪಾಗುತ್ತಾಳೆ. ಅಷ್ಟು ದೂರ ಯಾರು ಕಾಯುತ್ತಾರೆ ಎಂದು ನಾನು ಮಡಿಕೇರಿ ಪಕ್ಕದ ನಮ್ಮ ಮನೆಯ ಜಗಲಿಯಲ್ಲೇ, ಒಂದು ಬಕೆಟ್ಟಿನಲ್ಲಿ ಆ ಕೆಲಸ ಮುಗಿಸಲು ಹೊರಟೆ. ಕಾರಣ, ಎರಡು ಏಡಿ.

ಮಂಗಳೂರಿಗೆ ಮದುವೆಗೆ ಹೋದವರು ಮಗಳ ಹಟಕ್ಕೆ ಮಣಿದು ಅವನ್ನು ಕೊಂಡಿದ್ದೆವು. ಅಡಿಕೆಯಷ್ಟು ಮೈ, ಕುಂಕುಮದಲ್ಲಿ ಅದ್ದಿ ತೆಗೆದಂಥ ಇಕ್ಕಳ. “ನಲ್ಲಿ ನೀರು ಸಾಕು ಸಾರ್” ಎಂದಿದ್ದ ಅಂಗಡಿಯವನು. ಸಂಪಾಜೆ ಘಾಟಿ ಹತ್ತುವಾಗ ಮೊಬೈಲ್ ತೆರೆದು ಓದಿದರೆ, ಇವು ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನ ಪ್ರಜೆಗಳು. ಬೇಕಾದದ್ದು ಸವುಳು ನೀರು; ಬರೀ ಸಿಹಿನೀರಿನಲ್ಲಿ ಕೆಲವು ದಿನ ಚೆನ್ನಾಗಿರುವಂತೆ ಕಂಡು ಆಮೇಲೆ ಸೊರಗುತ್ತವೆ. ಹೊರಗೆ ಮಂಜು, ಹಿಂದೆ ಲಾರಿ. ವಾಪಸು ತಿರುಗುವ ಮಾತೇ ಇರಲಿಲ್ಲ.

ಲೆಕ್ಕವೇನೋ ಸುಲಭದ್ದೇ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಏಡಿಗಳಿಗೆ ಅದರ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ, ಅಂದರೆ ಲೀಟರಿಗೆ 10 ಗ್ರಾಂ ಸಾಕು. ತೊಟ್ಟಿಯಲ್ಲಿ 20 ಲೀಟರ್ ನೀರು, ಅದಕ್ಕೆ 200 ಗ್ರಾಂ. ಅಡುಗೆಯ ಉಪ್ಪು ಆಗದು; ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕು. ಹಾಗಾಗಿ ಅಕ್ವೇರಿಯಂನ ಸಮುದ್ರದ ಉಪ್ಪನ್ನೇ ತರಿಸಿದೆ. ಚೀಲದ ಬೆಲೆ ಕೇಳಿದ ಅಮ್ಮ, “ಏಡಿ ಇದೆ, ಉಪ್ಪು ನೀರೂ ಇದೆ. ಹುಳಿಗೆ ಕಾಚಂಪುಳಿ ನಾನು ಕೊಡುತ್ತೇನೆ, ಒಲೆ ಹಚ್ಚು” ಎಂದಳು. ಆಗ ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳು. ಗದ್ದೆ ಏಡಿಯ ಸಾರಿಲ್ಲದೆ ಆ ತಿಂಗಳು ಕಳೆಯುವುದನ್ನು ಅವಳು ಒಪ್ಪುವವಳಲ್ಲ.

ಜಗಲಿಯ ಮೂಲೆಯಲ್ಲಿದ್ದ ದೊಡ್ಡ ಬಕೆಟ್ಟಿಗೆ ಬಾವಿ ನೀರು ತುಂಬಿ ಏಡಿಗಳನ್ನು ಇನ್ನೇನು ಇಳಿಸಬೇಕು, ಹೆಂಡತಿ ಕಿರುಚಿದಳು: “ಅದು ಬೋರ್ಡೋ ಬಕೆಟ್ ಅಲ್ಲವೇನ್ರೀ?” ಬಗ್ಗಿ ನೋಡಿದೆ. ತಳದಲ್ಲಿ ತೆಳು ನೀಲಿ ಉಂಗುರ. ಮಳೆಗೆ ಮೊದಲು ಕರಿಮೆಣಸಿಗೆ ಸಿಂಪಡಿಸಲು ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಕಲಸುತ್ತೇವಲ್ಲ, ಅದಕ್ಕೆ ಬಳಸಿದ್ದು. ಮೈಲುತುತ್ತವೆಂದರೆ ತಾಮ್ರ, ಏಡಿ, ಸಿಗಡಿಗಳಿಗೆ ತಾಮ್ರ ಸ್ವಲ್ಪವೇ ಆದರೂ ವಿಷ. ನನ್ನ ಹತ್ತು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ಕಿರುಚಾಟ ಯಾವತ್ತೂ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ.

ಹೊಸ ಬಕೆಟ್ ತಂದೆ. ಚೀಲ ಬಿಚ್ಚಿದೆ. ಇಲ್ಲಿ ನಮ್ಮೂರಿನ ಮಳೆಗಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮುರಿಯುವುದಿಲ್ಲ, ಬೆಂಕಿಕಡ್ಡಿ ಹೊತ್ತುವುದಿಲ್ಲ. ಅಮ್ಮ ಜಾಡಿಯ ಉಪ್ಪನ್ನು ಚಮಚದಲ್ಲಿ ಅಳೆಯುವುದಿಲ್ಲ, ಬಗ್ಗಿಸಿ ಸುರಿಯುತ್ತಾಳೆ. ಸಮುದ್ರದ ಉಪ್ಪಿಗಂತೂ ನೀರು ಹೀರುವ ಚಟ ಇನ್ನೂ ಹೆಚ್ಚು. ಬಾಯಿ ತೆರೆದಿಟ್ಟ ಚೀಲ ಎರಡೇ ದಿನದಲ್ಲಿ ಬೆವರಿ ನೆನೆದ ಮರಳಿನಂತಾಯಿತು. ಅದನ್ನೇ ಅಡುಗೆಮನೆಯ ತಕ್ಕಡಿಯಲ್ಲಿ ನಿಖರವಾಗಿ 200 ಗ್ರಾಂ ತೂಗಿದೆ. ಅದರಲ್ಲಿ ಉಪ್ಪೆಷ್ಟು, ಮಡಿಕೇರಿಯ ಗಾಳಿಯೆಷ್ಟು, ದೇವರಿಗೇ ಗೊತ್ತು.

ಕದಡಿ, ನೀರಿನ ಉಪ್ಪು ಅಳೆಯುವ ಹೈಡ್ರೋಮೀಟರ್ ತುಂಬಿಸಿದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಓಲಾಡುವ ಮುಳ್ಳಿನದು. ಬೇಕಾದದ್ದು 1.005ರಿಂದ 1.010ರ ನಡುವೆ, ಮುಳ್ಳು 1.012 ತೋರಿಸಿತು. ಕೈ ಜಾಸ್ತಿಯಾಯಿತೆಂದು ಅರ್ಧ ನೀರು ಚೆಲ್ಲಿ ಸಿಹಿನೀರು ಹೊಯ್ದೆ. ಆಮೇಲೆ ಮಗಳು ಡಬ್ಬಿಯನ್ನು ದೀಪಕ್ಕೆ ಹಿಡಿದು, “ಅಪ್ಪಾ, ಮುಳ್ಳಿಗೆ ಗುಳ್ಳೆ ಅಂಟಿವೆ” ಎಂದಳು. ಸಾಸಿವೆಗಿಂತ ಸಣ್ಣ ನಾಲ್ಕು ಗುಳ್ಳೆ, ಮುಳ್ಳನ್ನು ಎತ್ತಿ ಹಿಡಿದು ನಿಂತಿದ್ದವು. ಬೆರಳಿನಿಂದ ತಟ್ಟಿದೆ. ಮುಳ್ಳು ನಾಚಿಕೊಂಡು 1.003ಕ್ಕೆ ಕುಳಿತಿತು. ಮತ್ತೆ ಉಪ್ಪು, ಮತ್ತೆ ಕದಡುವುದು, ಮತ್ತೆ ತಟ್ಟುವುದು. ನಡುವೆ ಕರೆಂಟು ಹೋಯಿತು. ಹತ್ತು ಗಂಟೆಗೆ ಮೇಣದಬತ್ತಿಯ ಬೆಳಕಿನಲ್ಲಿ 1.007 ಕಂಡಾಗ ನನಗೆ ತೀರ್ಥೋದ್ಭವ ಕಂಡಷ್ಟೇ ಭಕ್ತಿ ಬಂತು.

ಮೂರು ವಾರ ಎಲ್ಲವೂ ಸರಿಯಿತ್ತು. ಒಂದು ಬೆಳಿಗ್ಗೆ ಗಂಡು ಏಡಿ ಕಲ್ಲಿನ ಪಕ್ಕ ಅಂಗಾತ ಬಿದ್ದಿತ್ತು. ಮುಟ್ಟಿದರೂ ಅಲುಗಲಿಲ್ಲ. ಮಗಳ ಅಳು, ನನ್ನ ಪಶ್ಚಾತ್ತಾಪ, ಗುಲಾಬಿ ಕುಂಡದಲ್ಲಿ ಮಣ್ಣು. ಅಮ್ಮ ಕೂಡ ಎರಡು ದಾಸವಾಳ ಇಟ್ಟಳು. ಸಂಜೆ ತೊಟ್ಟಿ ತೊಳೆಯಲು ಕಲ್ಲೆತ್ತಿದರೆ, ಮಸುಕು ಬಣ್ಣದ, ಮೆತ್ತಗಿನ, ಮೊದಲಿಗಿಂತ ದೊಡ್ಡದಾದ ಅದೇ ಗಂಡು ಏಡಿ ನನ್ನನ್ನು ದಿಟ್ಟಿಸುತ್ತಿತ್ತು! ನಾವು ಹೂತದ್ದು ಅದು ಕಳಚಿದ ಚಿಪ್ಪು. ಓದಿದರೆ, ಹೊಸ ಚಿಪ್ಪಿನ ಕ್ಯಾಲ್ಸಿಯಂಗಾಗಿ ಅದು ಹಳೆಯದನ್ನೇ ತಿನ್ನುತ್ತದೆ, ತೆಗೆಯಕೂಡದು ಎಂದಿತ್ತು. ಕಲ್ಲನ್ನು ಮೆಲ್ಲಗೆ ಇಟ್ಟು, ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಸಮಾಧಿ ಅಗೆದೆವು.

ಮರುದಿನ ಚಿಪ್ಪಿನಲ್ಲಿ ಒಂದು ಇಕ್ಕಳ ಮಾತ್ರ ಉಳಿದಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು.

“ಒಂದು ಒಗ್ಗರಣೆಯೂ ಇಲ್ಲದೆ ತಿಂದಿತಲ್ಲೋ” ಎಂದಳು.