ಸತ್ತವರ ಅಭಿಪ್ರಾಯ

ಅಕ್ಕನ ಮಗ ನನ್ನ ಮೊಬೈಲ್‌ನಿಂದ, ನನ್ನ ಹೆಸರಿನಲ್ಲಿ, ಒಂದು ಆಟಕ್ಕೆ ಒಂದೇ ನಕ್ಷತ್ರ ಕೊಟ್ಟು, ಕೆಳಗೆ ‘ಬರೀ ಮೋಸ’ ಎಂದು ಬರೆದು ಟ್ಯೂಷನ್ನಿಗೆ ಹೋಗಿಬಿಟ್ಟ. ಚಿತ್ರದುರ್ಗದಿಂದ ಬಂದು, ನಮ್ಮ ಮನೆಯಲ್ಲಿದ್ದುಕೊಂಡು, ದಾವಣಗೆರೆಯಲ್ಲಿ ಎರಡನೇ ಪಿಯುಸಿ ಓದುತ್ತಿರುವ ಹುಡುಗ. ನನಗೆ ಇದು ಗೊತ್ತಾಗಿದ್ದು ಆ ಅಭಿಪ್ರಾಯ ಉಪಯುಕ್ತವಾಗಿದೆ ಎಂದು ಯಾರೋ ಇಬ್ಬರು ಒತ್ತಿದ್ದಾರೆ ಎಂಬ ಸುದ್ದಿ ಪರದೆಯ ಮೇಲೆ ಬಂದಾಗ. ಪತ್ರಿಕೆಗಳ ಓದುಗರ ಅಂಕಣಕ್ಕೆ ನಾನು ವರ್ಷಗಟ್ಟಲೆ ಬರೆದಿದ್ದೇನೆ. ಅದರಲ್ಲಿ ಒಂದನ್ನಾದರೂ ಉಪಯುಕ್ತ ಎಂದವರಿಲ್ಲ.

ನೆಲದಡಿಯ ಅಂತಸ್ತುಗಳನ್ನು ಒಂದೊಂದಾಗಿ ಇಳಿಯುತ್ತ, ಎದುರಾದವರೊಡನೆ ಕಾದಾಡುವ ಆಟ ಅದು. ರಾತ್ರಿ ಊಟಕ್ಕೆ ಕುಳಿತಾಗ ವಿಚಾರಿಸಿದೆ. ಹುಡುಗನ ಬಳಿ ಅಹವಾಲು ಸಿದ್ಧವಾಗಿತ್ತು. “ಮಾವ, ನೀಲಿ ಸೀಸೆಯಲ್ಲಿರುವುದು ಗಾಯ ಮಾಯುವ ಮದ್ದು ಎಂದು ನೀವೇ ಹೇಳಿದ್ದಿರಿ. ಐದನೇ ಅಂತಸ್ತಿನಲ್ಲಿ ಜೀವ ಹೋಗುವ ಹೊತ್ತಿಗೆ ಕುಡಿದೆ. ಮೈಗೆ ಬೆಂಕಿ ಹತ್ತಿಕೊಂಡಿತು.”

ನಾನು ಆಡಿದಾಗ ನೀಲಿ ಎಂದರೆ ಮದ್ದೇ ಆಗಿತ್ತು. ಆದರೆ ಈ ಜಾತಿಯ ಆಟಗಳಲ್ಲಿ ಸತ್ತು ಮತ್ತೆ ಶುರು ಮಾಡಿದಾಗಲೆಲ್ಲ ಬಣ್ಣಗಳ ಗುಣ ಅದಲುಬದಲಾಗುತ್ತದೆ. ಕೋಣೆ, ಓಣಿ, ಮೆಟ್ಟಿಲುಗಳೆಲ್ಲ ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಇದನ್ನು ವಿವರಿಸಿದರೆ ಹುಡುಗ, “ಹಾಗಾದರೆ ಕಲಿತು ಏನು ಪ್ರಯೋಜನ?” ಎಂದ. ಪರೀಕ್ಷೆ ಹತ್ತಿರ ಬಂದಿರುವಾಗ ಈ ಪ್ರಶ್ನೆಯನ್ನು ಬೆಳೆಯಲು ಬಿಡಬಾರದು ಎಂದುಕೊಂಡು ಇನ್ನೊಂದು ಸೌಟು ಸಾರು ಬಡಿಸಿದೆ.

ಆ ನಕ್ಷತ್ರವನ್ನು ಅಳಿಸಲೆಂದು ಹೋದವನು ಉಳಿದ ಆಟಗಾರರ ಅಭಿಪ್ರಾಯಗಳನ್ನು ಓದುತ್ತ ಕುಳಿತುಬಿಟ್ಟೆ. ಓದುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು: ಬರೆದವರೆಲ್ಲ ಸತ್ತವರೇ. ಬದುಕಿದ್ದು ಏಳನೇ ಅಂತಸ್ತಿನಲ್ಲಿ ತಡಕಾಡುತ್ತಿರುವವನಿಗೆ ಬರೆಯಲು ಪುರುಸೊತ್ತೆಲ್ಲಿದೆ? ಸತ್ತ ಮರುಗಳಿಗೆ, ಕಷ್ಟಪಟ್ಟು ಕೂಡಿಟ್ಟ ಕತ್ತಿ, ಕವಚ, ಚಿನ್ನ ಎಲ್ಲವೂ ಕಣ್ಣೆದುರೇ ಇಲ್ಲವಾದಾಗ, ಬೆರಳು ತಾನಾಗಿಯೇ ಅಭಿಪ್ರಾಯದ ಕಡೆ ಹೋಗುತ್ತದೆ. ತೀರಿಕೊಂಡವರೇ ಕುಳಿತು ಬರೆದುಕೊಂಡ ನಿಧನವಾರ್ತೆಗಳು ಅವು. ಅಂಥ ಬರವಣಿಗೆಯಲ್ಲಿ ಸಮತೋಲನ ನಿರೀಕ್ಷಿಸುವುದು ತಪ್ಪು, ಒಪ್ಪುತ್ತೇನೆ. ಆದರೂ ಇಷ್ಟೊಂದು ಅಳು ಬೇಕಿತ್ತೇ?

ಒಬ್ಬರು ‘ಇದು ಪೂರ್ತಿ ಅದೃಷ್ಟದ ಆಟ, ಬುದ್ಧಿಗೆ ಬೆಲೆಯೇ ಇಲ್ಲ’ ಎಂದು ಬರೆದಿದ್ದರು. ಅದರ ಕೆಳಗೇ ಗೆದ್ದವರೊಬ್ಬರು ‘ಇದರಲ್ಲಿ ಅದೃಷ್ಟ ಎಂಬುದೇ ಇಲ್ಲ, ಎಲ್ಲವೂ ಕೌಶಲ’ ಎಂದಿದ್ದರು. ಇಬ್ಬರೂ ಒಬ್ಬರೇ ಆಗಿದ್ದು, ಸೋಮವಾರ ಒಂದನ್ನೂ ಗುರುವಾರ ಇನ್ನೊಂದನ್ನೂ ಬರೆದಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಇನ್ನೊಬ್ಬರು ಮೊದಲ ಅಂತಸ್ತಿನಲ್ಲಿ ಇಲಿ ಕಚ್ಚಿ ಸತ್ತದ್ದನ್ನು ಅವಮಾನವೆಂದು ಬಗೆದು, ಆಟ ಕಟ್ಟಿದವರು ಇದಕ್ಕೆ ಉತ್ತರ ಕೊಡಬೇಕು ಎಂದು ಪಟ್ಟು ಹಿಡಿದಿದ್ದರು. ಇಲಿ ಇರುವುದೇ ಕಚ್ಚುವುದಕ್ಕೆ. ಆಟದಿಂದ ನ್ಯಾಯ ಕೇಳುವ ಇವರು ಬೇರೆ ಕಡೆ ಎಲ್ಲೂ ನ್ಯಾಯ ಕೇಳಿದ್ದನ್ನು ನಾನು ಕಂಡಿಲ್ಲ. ಆಟೋದವನು ಹೇಳಿದಷ್ಟು ಕೊಟ್ಟು ಇಳಿಯುತ್ತಾರೆ. ಮನೆಗೆ ಬಂದು, ಪುಕ್ಕಟೆಯಾಗಿ ಸಿಕ್ಕ ಆಟದ ಮೇಲೆ ಹರಿಹಾಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ದೂರು ಇರುವುದು ಸಾವು ಖಾಯಂ ಎಂಬುದರ ಬಗ್ಗೆ. ಇದಕ್ಕೆ ಕಾರಣ ಆಟಗಾರರೇ ಎಂಬುದನ್ನು ಇವರಿಗೆ ಯಾರಾದರೂ ಹೇಳಬೇಕು. ಈ ವಂಶದ ಮೂಲಪುರುಷ ‘ರೋಗ್’ ಎಂಬ ಆಟ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಅದನ್ನು ಕಟ್ಟಿದರು. ಆಮೇಲೆ ಬರ್ಕ್ಲಿಯ ಕೆನ್ ಆರ್ನಾಲ್ಡ್ ಸೇರಿಕೊಂಡರು. ಆಟ ದೊಡ್ಡದು, ನಡುವೆ ಎದ್ದು ಹೋಗಬೇಕಾದವರು ಇರುತ್ತಾರೆ ಎಂಬ ಸೌಜನ್ಯದಿಂದ, ಅಲ್ಲಿಯವರೆಗಿನದನ್ನು ಉಳಿಸಿಟ್ಟು ಮುಂದುವರಿಸುವ ಅನುಕೂಲ ಮಾಡಿಕೊಟ್ಟರು. ಜಾಣರು ಏನು ಮಾಡಿದರು? ಸತ್ತಾಗಲೆಲ್ಲ ಉಳಿಸಿಟ್ಟಿದ್ದನ್ನೇ ಮತ್ತೆ ತೆರೆದು ಬದುಕಿದರು. ಹಾಗಾಗಿ, ಉಳಿಸಿಟ್ಟಿದ್ದನ್ನು ಒಮ್ಮೆ ತೆರೆದ ಕೂಡಲೇ ಅದು ಅಳಿಸಿಹೋಗುವಂತೆ ಮಾಡಬೇಕಾಯಿತು. ಸತ್ತವನ ಹೆಸರು, ಕೂಡಿಟ್ಟ ಚಿನ್ನ, ಕೊಂದವರು ಯಾರು ಎಂಬುದನ್ನು ಕೆತ್ತಿದ ಗೋರಿಕಲ್ಲೊಂದು ಪರದೆಯ ಮೇಲೆ ಮೂಡುತ್ತಿತ್ತು. ಆಟ ಮುಗಿಯಿತು, ಎದ್ದು ಹೋಗಿ ಎಂದು ಇದಕ್ಕಿಂತ ಮರ್ಯಾದೆಯಾಗಿ ಹೇಳುವುದು ಕಷ್ಟ.

ಆ ಪರದೆಯನ್ನು ಇವತ್ತಿನವರು ನೋಡಿದರೆ ಆಟವೆಂದು ಒಪ್ಪಲಿಕ್ಕಿಲ್ಲ. ಗೋಡೆಗೆ ಅಡ್ಡಗೆರೆ, ನೆಲಕ್ಕೆ ಚುಕ್ಕೆ. ಇ-ಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆಯೇ ಕಥಾನಾಯಕ. ಬಾವಲಿ ಎಂದರೆ ‘ಬಿ’, ಡ್ರ್ಯಾಗನ್ ಎಂದರೆ ‘ಡಿ’. ಹೀಗೆ ಇಂಗ್ಲಿಷಿನ 26 ದೊಡ್ಡಕ್ಷರಗಳೂ ಕಡಿಯಲು ಬರುತ್ತಿದ್ದವು. ಅಂದಿನ ಆ ಯಂತ್ರಗಳು ಅಕ್ಷರ ಬಿಟ್ಟರೆ ಬೇರೇನನ್ನೂ ತೋರಿಸಲಾರದವಾಗಿದ್ದವು. ಬಡತನದಲ್ಲಿ ಮಾಡಿದ ಸಂಸಾರ. ಇಂದಿನ ಮೊಬೈಲ್ ರಾಕ್ಷಸನ ಮೀಸೆಯ ಒಂದೊಂದು ಕೂದಲನ್ನೂ ತೋರಿಸಬಲ್ಲದು. ಆದರೂ ಬೇಕೆಂದೇ ದಪ್ಪ ದಪ್ಪ ಚೌಕಗಳಲ್ಲಿ ಚಿತ್ರ ಬರೆದು ‘ಹಳೆಯ ಸೊಗಸು’ ಎಂದು ಹಣೆಪಟ್ಟಿ ಹಚ್ಚುತ್ತಾರೆ. ಅಭಿಪ್ರಾಯ ಬರೆಯುವವರು ಅದನ್ನು ಓದಿ ‘ಬಾಲ್ಯ ನೆನಪಾಯಿತು’ ಎಂದು ಕರಗುತ್ತಾರೆ. ಇಪ್ಪತ್ತೆರಡು ವರ್ಷದವರಿಗೆ 1980ರ ಬಾಲ್ಯ ಎಲ್ಲಿಂದ ನೆನಪಾಗುತ್ತದೆ ಎಂದು ಕೇಳಿದರೆ ನಾನು ಸಿಡುಕ.

ಇವರಿಗಿಂತಲೂ ಕಠಿಣ ಜನ ಬೇರೆ ಇದ್ದಾರೆ. ಅವರಿಗೆ ಆಟ ಚೆನ್ನಾಗಿದೆಯೇ ಎಂಬ ಪ್ರಶ್ನೆಯೇ ಮುಖ್ಯವಲ್ಲ. ಅದು ‘ರೋಗ್‌ಲೈಕ್’ ಎಂಬ ‘ರೋಗ್’ ವಂಶದ್ದೇ ಹೌದೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು. ಸತ್ತ ಮೇಲೆ ಏನಾದರೂ ಒಂದು ಚೂರು ಕೈಯಲ್ಲಿ ಉಳಿಯಿತೋ, 2020ರ ‘ಹೇಡೀಸ್’ನಲ್ಲಿ ಉಳಿಯುವಂತೆ, ಆಗ ಅದು ‘ಲೈಟ್’, ಎಂದರೆ ಹಗುರ ನಮೂನೆ, ಪಂಕ್ತಿಯಿಂದ ಹೊರಗೆ. ಈ ಮಡಿವಂತಿಕೆಗೆ ಶಾಸ್ತ್ರವೂ ಉಂಟು. ಇಂಥ ಆಟ ಕಟ್ಟುವವರು 2008ರಲ್ಲಿ ಬರ್ಲಿನ್‌ನಲ್ಲಿ ಸಮ್ಮೇಳನ ಸೇರಿ, ಲಕ್ಷಣಗಳನ್ನು ಮುಖ್ಯ, ಅಮುಖ್ಯ ಎಂದು ವಿಂಗಡಿಸಿ ಬರೆದಿಟ್ಟರು. ಖಾಯಂ ಸಾವು ಮುಖ್ಯ, ಪಾಳಿಯ ಪ್ರಕಾರ ನಡೆಯುವುದು ಮುಖ್ಯ. ಅಕ್ಷರಗಳಲ್ಲೇ ಚಿತ್ರ ತೋರಿಸುವುದು ಅಮುಖ್ಯ. ‘ಬರ್ಲಿನ್ ವ್ಯಾಖ್ಯಾನ’ ಎಂದು ಅದಕ್ಕೆ ಹೆಸರು. ಓದಿದ ಕೂಡಲೇ ನನಗೆ ನಮ್ಮ ಭಾವನವರ ನೆನಪಾಯಿತು.

ಭಾವನವರು, ಎಂದರೆ ಈ ಹುಡುಗನ ಅಪ್ಪ, ಬೆಣ್ಣೆ ದೋಸೆಯ ವಿಷಯದಲ್ಲಿ ಬರ್ಲಿನ್ನಿಗಿಂತ ಕಟ್ಟುನಿಟ್ಟು. ಚಿತ್ರದುರ್ಗದವರಿಗೆ ದಾವಣಗೆರೆ ದೋಸೆಯ ಉಸಾಬರಿ ಏಕೆ ಎಂದು ಯಾರೂ ಅವರನ್ನು ಕೇಳಬಾರದು. 1997ರ ಆಗಸ್ಟ್‌ವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಜಿಲ್ಲೆ ಒಡೆದಾಗ ಕಡತಗಳು ಹೋದವು, ನೌಕರರು ಹೋದರು, ದೋಸೆಯ ಬಗ್ಗೆ ತೀರ್ಪು ಕೊಡುವ ಹಕ್ಕನ್ನು ಮಾತ್ರ ಯಾರೂ ಹಸ್ತಾಂತರಿಸಿಲ್ಲ ಎಂಬುದು ಅವರ ವಾದ. ಒಲೆ ಸೌದೆಯದೇ ಆಗಿರಬೇಕು. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿ ಬಿದ್ದಿರಬೇಕು. ಬೆಣ್ಣೆ ಬೆಳ್ಳಗಿರಬೇಕು. ಆಲೂಗಡ್ಡೆ ಪಲ್ಯಕ್ಕೆ ಅರಿಶಿನದ ಗಾಳಿಯೂ ತಾಗಿರಬಾರದು. ಖಾಲಿ ದೋಸೆ, ಓಪನ್ ದೋಸೆಗಳಿಗೆ ಮಾನ್ಯತೆ ಉಂಟು. ಸಾಂಬಾರ್ ಕೇಳಿದವರು ಬೀಗರೇ ಆಗಿರಲಿ, ಅವರ ಎದುರಿನ ಕುರ್ಚಿಯಿಂದ ಭಾವನವರು ಎದ್ದು ಬೇರೆ ಮೇಜಿಗೆ ಹೋಗುತ್ತಾರೆ.

ಒಮ್ಮೆ ನಾವಿಬ್ಬರೂ ಬೆಂಗಳೂರಿಗೆ ಮದುವೆಗೆ ಹೋಗಿದ್ದೆವು. ಕಲ್ಯಾಣ ಮಂಟಪ ಇನ್ನೊಂದು ತಿರುವಿನಲ್ಲಿದೆ ಎನ್ನುವಾಗ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಅವರ ಕಣ್ಣಿಗೆ ಬಿತ್ತು. ಮುಹೂರ್ತಕ್ಕೆ ಹೊತ್ತಾಯಿತು, ಬೇಡ ಎಂದೆ. “ಐದು ನಿಮಿಷ, ಪರೀಕ್ಷೆ ಮಾಡಿ ಬಂದುಬಿಡೋಣ” ಎಂದು ಒಳಗೆ ನಡೆದೇಬಿಟ್ಟರು. ಮೊದಲು ಅಡುಗೆಮನೆಗೆ ಇಣುಕಿದರು. ಗ್ಯಾಸ್ ಒಲೆ. ಹಣೆ ಗಂಟಿಕ್ಕಿತು; ಆದರೂ ಕುಳಿತರು. ದೋಸೆ ಬಂತು. ಅಂಚು ಹಿಡಿದೆತ್ತಿ ತಳದ ಬಣ್ಣ ನೋಡಿದರು. ಒಂದು ಚೂರನ್ನು ಕಿವಿಯ ಬಳಿ ಹಿಡಿದು ಮುರಿದರು. “ಶಬ್ದ ಇದೆ” ಎಂದರು, ಆರೋಪಿಯ ಪರವಾದ ಒಂದು ಸಾಕ್ಷಿಯನ್ನು ಒಲ್ಲದ ಮನಸ್ಸಿನಿಂದ ದಾಖಲಿಸಿಕೊಳ್ಳುವವರಂತೆ. ಬೆಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಮೂಸಿದರು. ತಿಂದರು. ಒಂದು ದೋಸೆಯಿಂದ ತೀರ್ಮಾನಕ್ಕೆ ಬರುವುದು ಅನ್ಯಾಯವೆಂದು ಎರಡನೆಯದನ್ನು ತರಿಸಿದರು. ಎರಡನೆಯದಕ್ಕೆ ಬೆಣ್ಣೆ ಜಾಸ್ತಿ ಬಿದ್ದಿತ್ತು, ಹೋಲಿಕೆ ಸರಿಯಾಗುವುದಿಲ್ಲ ಎಂದು ಮೂರನೆಯದು. ನಾನು ಗಡಿಯಾರ ನೋಡುತ್ತಿದ್ದೆ.

ಮೂರನೆಯದು ಮುಗಿದ ಮೇಲೆ ಸಪ್ಲೈಯರ್ ಹುಡುಗನನ್ನು ಕರೆದರು. “ಯಾವ ಊರು ತಮ್ಮಾ?”

“ಕುಂದಾಪುರ, ಸರ್.”

“ಮಾಲೀಕರು?”

“ಅವರೂ ಅದೇ ಕಡೆಯವರು, ಸರ್.”

“ದೋಸೆ ಹುಯ್ಯುವವನು?”

“ಅವನು ಬಿಹಾರದವನು.”

“ಹಾಗಾದರೆ ಇಲ್ಲಿ ದಾವಣಗೆರೆಯದು ಯಾವುದು?”

ಹುಡುಗ ಸ್ವಲ್ಪ ಯೋಚಿಸಿ, “ಬೋರ್ಡು, ಸರ್” ಎಂದ.

ಕೈ ತೊಳೆಯುತ್ತ ಭಾವನವರು ತೀರ್ಪು ಕೊಟ್ಟರು: ದೋಸೆ ಹೌದು, ಬೆಣ್ಣೆಯೂ ಹೌದು, ದಾವಣಗೆರೆ ಅಲ್ಲ. ಅಕ್ಕನಿಗೆಂದು ಒಂದನ್ನು ಕಟ್ಟಿಸಿಕೊಂಡರು. ಅದನ್ನು ಏನೆಂದು ಹೇಳಿ ಕೊಟ್ಟರೋ ಕಾಣೆ. ನಾವು ಮಂಟಪ ಸೇರುವಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು. ಫೋಟೊಗೆ ನಿಂತಾಗ ಹುಡುಗಿಯ ಕಡೆಯವರು ನಮ್ಮನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆ ಊಟವನ್ನು ಭಾವನವರು ಮುಟ್ಟಲಿಲ್ಲ, ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಬಸ್ಸಿನಲ್ಲಿ ತುಮಕೂರು ದಾಟುವವರೆಗೂ ಆ ಹೋಟೆಲಿನವರು ಮಾಡುತ್ತಿರುವ ಅನ್ಯಾಯದ ಬಗ್ಗೆ ಮಾತಾಡಿದರು. ಶಿರಾದ ಹೊತ್ತಿಗೆ, ಚಟ್ನಿ ಮಾತ್ರ ಪರವಾಗಿಲ್ಲ ಎಂದರು. ಹಿರಿಯೂರಿನಲ್ಲಿ ಬಸ್ ನಿಂತಾಗ, ಸೌದೆ ಒಲೆ ಇದ್ದಿದ್ದರೆ ಒಪ್ಪಬಹುದಿತ್ತು ಎಂದರು. ಇನ್ನೆರಡು ಊರು ಇದ್ದಿದ್ದರೆ ದಾವಣಗೆರೆಯ ದೋಸೆಯೆಂದೇ ಒಪ್ಪುತ್ತಿದ್ದರೋ ಏನೋ. ಅಷ್ಟರಲ್ಲಿ ಚಿತ್ರದುರ್ಗ ಬಂತು.

ಕಂಪ್ಯೂಟರ್ ಆಟಗಳನ್ನು ಮಾರುವ ‘ಸ್ಟೀಮ್’ನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಅಭಿಪ್ರಾಯದ ಜೊತೆಗೆ, ಬರೆದವರು ಆ ಆಟವನ್ನು ಎಷ್ಟು ಗಂಟೆ ಆಡಿದ್ದಾರೆ ಎಂಬ ಲೆಕ್ಕವೂ ಎದ್ದು ಕಾಣುತ್ತದೆ. ನೂರಾರು ಗಂಟೆ ಆಡಿ ‘ಶಿಫಾರಸು ಮಾಡುವುದಿಲ್ಲ’ ಎನ್ನುವ ಮಹನೀಯರು ಅಲ್ಲಿ ಧಾರಾಳವಾಗಿ ಸಿಗುತ್ತಾರೆ. ಹೋಟೆಲುಗಳಲ್ಲೂ ಇಂಥದ್ದೊಂದು ಏರ್ಪಾಡು ಆಗಬೇಕು.

ಪಾಕವನ್ನು ಬಚ್ಚಿಡದೆ ಕೊಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಈ ಆಟಗಳಲ್ಲಿ ಉದಾಹರಣೆ ಇದೆ. ಮೊಬೈಲ್‌ಗೆ 2012ರಲ್ಲಿ ಬಂದ ‘ಪಿಕ್ಸೆಲ್ ಡಂಜನ್’ ಎಂಬುದರ ಕರ್ತೃ ಒಲೆಗ್ ಡೋಲ್ಯಾ 2014ರಲ್ಲಿ ಅದರ ಮೂಲ ಸಂಕೇತವನ್ನೇ, ಎಂದರೆ ಆಟ ಕಟ್ಟಿದ ಸೋರ್ಸ್ ಕೋಡನ್ನೇ, ಎಲ್ಲರಿಗೂ ತೆರೆದಿಟ್ಟರು. ನೋಡನೋಡುತ್ತಿದ್ದಂತೆ ಅದೇ ಹಿಟ್ಟಿನಿಂದ ಹತ್ತಾರು ಆಟಗಳು ಎದ್ದವು. ಇವಾನ್ ಡೆಬೆನ್‌ಹ್ಯಾಮ್ ಶುರು ಮಾಡಿದ ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ ಅಂತೂ ತಾಯಿಗಿಂತ ದೊಡ್ಡ ಹೆಸರು ಮಾಡಿ, ಇಂದಿಗೂ ಹೊಸ ಹೊಸದನ್ನು ಸೇರಿಸಿಕೊಳ್ಳುತ್ತಿದೆ. ಆಗಲೂ ಹಟ ಬಿಡದೆ ‘ಮೊದಲಿನದೇ ಚೆನ್ನಾಗಿತ್ತು’ ಎಂದು ಬರೆಯುವವರು ಇದ್ದೇ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲಿನದನ್ನು ಆಡಿ ಸತ್ತವರು, ಅದಕ್ಕೆ ಋಣವಿರುತ್ತದೆ.

ಇಷ್ಟೆಲ್ಲ ಬೈದರೂ ನಾನೇಕೆ ಆಡುತ್ತೇನೆ ಎಂದು ಹೇಳಲು ಹೊರಟಿದ್ದೆ. ಒಂದು ಕಾರಣವಂತೂ ಆ ಇಲಿ. ನಾನು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಇಡುತ್ತದೆ. ನಾನು ನಿಂತರೆ ಅದೂ ನಿಲ್ಲುತ್ತದೆ. ಬಾಗಿಲು ಬಡಿದ ಕೊರಿಯರ್‌ನವನಿಗೆ ಸಹಿ ಹಾಕಿಕೊಟ್ಟು, ನಲ್ಲಿ ನೀರು ಹಿಡಿದು, ಒಲೆಯ ಮೇಲಿನ ಹಾಲು ಇಳಿಸಿ ಬಂದು ನೋಡಿದರೂ ಅದೇ ಚೌಕದಲ್ಲಿ, ಬಾಲ ಅಲ್ಲಾಡಿಸುತ್ತ, ನನ್ನ ಪಾಳಿ ಮುಗಿಯಲಿ ಎಂದು ಕಾಯುತ್ತಿರುತ್ತದೆ. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ, ಗೇಟು ಏಳುವ ಮೊದಲೇ ಕೆಳಗೆ ನುಸುಳುವ ಜನರ ನಡುವೆ ಬೆಳೆದವನು ನಾನು. ನನ್ನನ್ನು ಕಚ್ಚಲೆಂದೇ ಬಂದ ಪ್ರಾಣಿಯೊಂದು ಸರದಿ ಪಾಲಿಸುವುದನ್ನು ಕಂಡರೆ ಗೌರವ ಹುಟ್ಟುತ್ತದೆ.

ಇನ್ನೊಂದು ಕಾರಣ ಹಸಿವು. ಆಟದಲ್ಲಿ ಹೆಚ್ಚು ಹೊತ್ತು ಸುಳಿದಾಡಿದರೆ ಹೊಟ್ಟೆ ಹಸಿಯುತ್ತದೆ, ಬುತ್ತಿ ಮುಗಿದರೆ ಸಾಯುತ್ತೀರಿ. ಇದನ್ನು ತೆಗೆದುಹಾಕಿ ಎಂಬ ಬೇಡಿಕೆ ಅಭಿಪ್ರಾಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬರು, ಪ್ರತಿ ಗೋಡೆಯನ್ನೂ ತಟ್ಟಿ ಗುಪ್ತದ್ವಾರ ಹುಡುಕುವ ತಮ್ಮ ಸ್ವಾತಂತ್ರ್ಯಕ್ಕೆ ಹಸಿವು ಅಡ್ಡಿ ಎಂದು ದೂರಿದ್ದರು. ಇಂಥವರನ್ನು ಹಸಿವಿಲ್ಲದೆ ಒಳಗೆ ಬಿಟ್ಟರೆ ಮೊದಲ ಅಂತಸ್ತಿನಲ್ಲೇ ಗೋಡೆ ತಟ್ಟುತ್ತ ಮುದುಕರಾಗುತ್ತಾರೆ. ಆಮೇಲೆ ಆಟ ನೀರಸ ಎಂದು ಬರೆಯುವವರೂ ಇವರೇ. ಮನುಷ್ಯನನ್ನು ಮೆಟ್ಟಿಲಿಳಿಸಲು ಹೊಟ್ಟೆಗಿಂತ ಒಳ್ಳೆಯ ಉಪಾಯವನ್ನು ‘ರೋಗ್’ ಕಟ್ಟಿದ ಅಂದಿನ ಆ ವಿದ್ಯಾರ್ಥಿಗಳಿಗೂ ಕಂಡುಹಿಡಿಯಲು ಆಗಲಿಲ್ಲ. ಇದರ ಬಗ್ಗೆ ವಿವರವಾಗಿ ಬರೆಯಬೇಕೆಂದಿದ್ದೆ. ಆದರೆ ರಾಂ ಅಂಡ್ ಕೋ ವೃತ್ತದಿಂದ ಮಿರ್ಚಿ ತಂದಿದ್ದಾರೆ, ಒಳಗೆ ಒಗ್ಗರಣೆ ಮಂಡಕ್ಕಿ ಕಲೆಸುವ ಸದ್ದು ಕೇಳುತ್ತಿದೆ. ಈ ವಾರ ಭಾವನವರೂ ಬಂದು ಇಲ್ಲೇ ಇದ್ದಾರೆ. ತಡಮಾಡಿದರೆ ನನಗೆ ಉಳಿಯುವುದು ತೊಟ್ಟು ಮಾತ್ರ.